ಗಾಳಿಗೆ ಹಾಕಿದ ಕೇಬಲ್

ದೊಡ್ಡಬಳ್ಳಾಪುರದ ರಾಜೇಂದ್ರನಿಗೆ ಲೇಸರ್ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ ಎಂಬ ಸುದ್ದಿ ಬೀದಿಯಲ್ಲಿ ಹರಡಿದ ವಾರದೊಳಗೇ ಮೂರು ಜನ ಮನೆಗೆ ಬಂದು ಕಣ್ಣಿನ ಪೊರೆ ತೆಗೆಸುವ ವಿಷಯ ವಿಚಾರಿಸಿಕೊಂಡು ಹೋದರು. ಮೂರನೆಯವರು ಅವನ ಮಾವ ರಾಮಲಿಂಗಯ್ಯನವರೇ. “ಅದು ಕಣ್ಣಿಗೆ ಹಾಕೋ ಲೇಸರ್ ಅಲ್ಲ ಮಾವ,” ಎಂದ ರಾಜೇಂದ್ರ. “ಮತ್ತೆ ಯಾತಕ್ಕೆ ಹಾಕೋದು?” ಎಂದರು ಮಾವ. ರಾಜೇಂದ್ರ ಬಾಯಿ ತೆರೆದ, “ಅಳೆಯೋಕೆ” ಎಂದಷ್ಟೇ ಹೇಳಿ ಮುಚ್ಚಿದ. ಏನನ್ನು ಅಳೆಯುವುದು ಎಂದು ಅವರು ಕೇಳಲಿಲ್ಲ, ಪುಣ್ಯಕ್ಕೆ.

ಕೇಳಿದ್ದರೂ ಅವನಲ್ಲಿ ಉತ್ತರವಿರಲಿಲ್ಲ. ಇದಾಗಿ ಎರಡು ವರ್ಷ ಕಳೆದಿದೆ, ಈಗ ಕೇಳಿದರೂ ಇಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ. ನಾವು ನೀವು ದಿನಾ ಮಾಡುವ ಕೆಲಸವನ್ನೇ ಯಾರಾದರೂ ಯಾತಕ್ಕೆ ಎಂದು ಕೇಳಿದರೆ ಎಷ್ಟು ಜನ ಥಟ್ಟನೆ ಹೇಳಿಯೇವು?

ರಾಜೇಂದ್ರನಿಗೆ ನಲವತ್ತೆಂಟು. ಮಗ್ಗದ ಮನೆಯಲ್ಲೇ ಹುಟ್ಟಿದವನು, ಪವರ್‌ಲೂಮಿನ ಸದ್ದಿಲ್ಲದಿದ್ದರೆ ಮಗುವಾಗಿದ್ದಾಗ ನಿದ್ದೆ ಬರುತ್ತಿರಲಿಲ್ಲವಂತೆ. ನೇಯುವುದಕ್ಕಿಂತ ಅವನಿಗೆ ರಿಪೇರಿಯ ಕೈ ಚೆನ್ನಾಗಿತ್ತು. ಬೀದಿಯಲ್ಲಿ ಸೈಕಲ್ ತುಳಿಯುತ್ತ ಹೋಗುವಾಗಲೇ ಯಾರ ಮನೆಯ ಎಷ್ಟನೇ ಮಗ್ಗ ಇನ್ನೆರಡು ದಿನಕ್ಕೆ ಕೈಕೊಡುತ್ತದೆ ಎಂದು ಕಿವಿಯಲ್ಲೇ ಹೇಳುತ್ತಿದ್ದ. ಅಣ್ಣ ಹಳೆಯ ಮಗ್ಗಗಳನ್ನು ತೆಗೆದು ಕಂಪ್ಯೂಟರಿನಿಂದ ಓಡುವ ಹೊಸವನ್ನು ತಂದಾಗ ಆ ಕಿವಿಗೆ ಕೆಲಸವಿಲ್ಲದಾಯಿತು. ಹೊಸ ಮಗ್ಗ ಕೆಟ್ಟರೆ ಸೂರತ್‌ನಿಂದ ಒಬ್ಬ ಬಂದು ಪರದೆ ನೋಡಿ ಹೇಳುತ್ತಾನೆ, ಸದ್ದು ಕೇಳುವುದಿಲ್ಲ.

ಅದೇ ದಿನಗಳಲ್ಲಿ ಕುಂದಾಣದ ಕಡೆ ಈ ಲೇಸರ್ ಲ್ಯಾಬಿರುವ ಸಂಶೋಧನಾ ಕೇಂದ್ರದಲ್ಲಿ ನೀರಿನ ಪಂಪು ಕೆಟ್ಟು, ಗುತ್ತಿಗೆದಾರ ಇವನನ್ನು ಕಳಿಸಿದ. ಪಂಪು ಸರಿಮಾಡಿ ಹೊರಡುವಾಗ ರಾಜೇಂದ್ರ ಪಕ್ಕದ ಕೋಣೆಯತ್ತ ಕಿವಿಗೊಟ್ಟು, “ಸಾರ್, ಅಲ್ಲಿ ಒಳಗಿರೋದ್ರ ಬೇರಿಂಗು ಈ ವಾರ ಹೋಗ್ತದೆ, ನೋಡ್ಕೊಳ್ಳಿ,” ಎಂದ. ಒಳಗಿದ್ದದ್ದು ಅಲ್ಲಿನ ದೊಡ್ಡ ಯಂತ್ರದ ಕೊಳವೆಯಿಂದ ಗಾಳಿ ಹೀರುವ ದುಬಾರಿ ಪಂಪು. ಐದನೇ ದಿನಕ್ಕೆ ಹೋಯಿತು. ಆರನೇ ದಿನ ವಿಭಾಗದ ಮುಖ್ಯಸ್ಥ ಮುರಳಿಯವರು ತಾವೇ ಫೋನು ಮಾಡಿ ಕರೆಸಿದರು. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಮುಂದುವರಿಸುವ ಕಾಂಟ್ರಾಕ್ಟು. ಬೆಳಿಗ್ಗೆ ದೇವನಹಳ್ಳಿ ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಕೇಂದ್ರದ ವ್ಯಾನು.

ಹೀಗೆ ಅವನು ಒಂದು ದೊಡ್ಡ ಗೊಂದಲದೊಳಕ್ಕೆ ಕಾಲಿಟ್ಟ.

ಆ ಗೊಂದಲವನ್ನು ಬಿಡಿಸಲು ಮನಸ್ಸು ಮಾಡಿದವಳು ರಮ್ಯ ಒಬ್ಬಳೇ. ಸಮೇತನಹಳ್ಳಿಯ ಒಕ್ಕಲು ಮನೆಯ ಹುಡುಗಿ. ದೇವನಹಳ್ಳಿಯಲ್ಲಿ ಪಿಜಿಯೊಂದರಲ್ಲಿದ್ದುಕೊಂಡು ಮುರಳಿಯವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ರಾಜೇಂದ್ರ ಕೇಳಿಯೇಬಿಟ್ಟ.

“ಅಲ್ಲಮ್ಮ, ನೀವು ಅಳೀತೀನಿ ಅಳೀತೀನಿ ಅಂತೀರಲ್ಲ, ಏನನ್ನ?”

“ಗೋಡೆಯಾಚೆ ಮಿಷನ್ನಿನ ಪೈಪಲ್ಲಿ ಎಲೆಕ್ಟ್ರಾನು ಗುಂಪುಗುಂಪಾಗಿ ಓಡ್ತವೆ ರಾಜೇಂದ್ರಣ್ಣ. ಒಂದು ಗುಂಪು ತಲೆಯಿಂದ ಬಾಲದವರೆಗೆ ಎಷ್ಟುದ್ದ ಇದೆ ಅಂತ ಗೊತ್ತಾಗ್ಬೇಕು. ಗೊತ್ತಾಗ್ದಿದ್ರೆ ಮಿಷನ್ನು ಸರಿಯಾಗಿ ಓಡ್ತಿದೆಯೋ ಇಲ್ವೋ ಹೇಳೋಕಾಗಲ್ಲ.”

“ಕಣ್ಣು ಮಿಟುಕಿಸೋದ್ರೊಳಗೆ ಹೋಗ್ಬಿಡ್ತವಾ?”

“ಕಣ್ಣು ಮಿಟುಕಿಸೋದು ತುಂಬಾ ಹೊತ್ತಾಯ್ತು. ಒಂದು ಸೆಕೆಂಡನ್ನ ಲಕ್ಷ ಕೋಟಿ ಚೂರು ಮಾಡಿ. ಅದ್ರಲ್ಲಿ ಒಂದೆರಡು ಚೂರು. ಅಷ್ಟ್ರಲ್ಲಿ ಒಂದು ಗುಂಪು ಹಾದುಹೋಗುತ್ತೆ.”

ರಾಜೇಂದ್ರ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. ಅಷ್ಟು ಚೂರನ್ನು ಎಣಿಸುವ ಗಡಿಯಾರ ಎಲ್ಲಿದೆ ಎಂದು ಕೇಳಿದ. ಅಂಥ ಗಡಿಯಾರವಿಲ್ಲ, ಅದಕ್ಕೇ ಲೇಸರ್ ಎಂದಳು ಅವಳು. ಲೇಸರಿನ ಬೆಳಕೂ ಗುಂಪಿಗಿಂತ ಚಿಕ್ಕ ತುಣುಕು ತುಣುಕಾಗಿ ಬರುತ್ತದೆ. ಕೊಳವೆಯೊಳಗೆ ಒಂದು ಹರಳಿದೆ. ಗುಂಪು ಅದರ ಪಕ್ಕದಲ್ಲಿ ಹಾಯುವಾಗ, ಆ ಗಳಿಗೆಗೆ ಮಾತ್ರ, ಹರಳಿನ ಗುಣ ಬದಲಾಗುತ್ತದೆ. ಸರಿಯಾಗಿ ಅದೇ ಗಳಿಗೆಯಲ್ಲಿ ಬೆಳಕಿನ ತುಣುಕೂ ಹರಳಿನೊಳಗಿದ್ದರೆ ಬೆಳಕು ಸ್ವಲ್ಪ ತಿರುಚಿಕೊಂಡು ಆಚೆ ಬರುತ್ತದೆ, ಇಲ್ಲದಿದ್ದರೆ ಹೋದಂತೆಯೇ ಬರುತ್ತದೆ. ದಾರಿಯಲ್ಲಿರುವ ಕನ್ನಡಿಯನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರೆ ಬೆಳಕು ಅಷ್ಟು ತಡವಾಗಿ ಬಂದು ಗುಂಪಿನ ಮುಂದಿನ ಚೂರನ್ನು ಬಿಟ್ಟು ಹಿಂದಿನ ಚೂರನ್ನು ಕಾಣುತ್ತದೆ. ಹೀಗೆ ಸರಿಸುತ್ತ ಸರಿಸುತ್ತ ಹೋದರೆ ಪರದೆಯ ಮೇಲೆ ಒಂದು ಉಬ್ಬು ಮೂಡುತ್ತದೆ. ಆ ಉಬ್ಬಿನ ಅಗಲವೇ ಗುಂಪಿನ ಉದ್ದ.

“ಆ ಬೆಳಕಿಗೆ ಈಗ ಹೊರಡು ಅಂತ ಯಾರು ಹೇಳ್ತಾರೆ?”

ರಮ್ಯ ಮೇಜಿನ ಕೆಳಗಿದ್ದ ರಟ್ಟಿನ ಡಬ್ಬಿಯನ್ನು ತೋರಿಸಿದಳು. ಗೋಡೆಯಾಚೆಯ ಯಂತ್ರದಿಂದ ಬರುವ ಕರಿ ಕೇಬಲ್ಲಿನ ಹೆಚ್ಚುಳಿದ ಭಾಗ ಅದರೊಳಗೆ ಗೋಜಲಾಗಿ ಬಿದ್ದಿತ್ತು. “ಇದು ಹೇಳುತ್ತೆ. ಮಿಷನ್ನಿನ ತಾಳ ಇದ್ರಲ್ಲೇ ಬರೋದು. ಇದಿಲ್ಲ ಅಂದ್ರೆ ನನ್ನ ಲೇಸರ್ ಕುರುಡು.”

ರಾಜೇಂದ್ರನಿಗೆ ಮಿಕ್ಕದ್ದೆಲ್ಲ ಅರ್ಥವಾಯಿತೋ ಇಲ್ಲವೋ, ಆ ಕೇಬಲ್ಲು ಬಹಳ ಮುಖ್ಯವಾದದ್ದು ಎಂಬುದು ಮಾತ್ರ ಚೆನ್ನಾಗಿ ತಲೆಗೆ ಹೋಯಿತು. ಇಷ್ಟು ಮುಖ್ಯವಾದದ್ದನ್ನು ನೆಲದ ಮೇಲೆ ಬಿಸಾಡಿದ್ದಾರಲ್ಲ ಎಂಬುದು ಇನ್ನೂ ಚೆನ್ನಾಗಿ ಹೋಯಿತು.

ಆಷಾಢದಲ್ಲಿ ಕೇಂದ್ರಕ್ಕೆ ಒಂದು ಸಮಿತಿ ಭೇಟಿ ಕೊಡುವುದಿತ್ತು. ಹಿಂದಿನ ದಿನ ಮುರಳಿಯವರು ಲೇಸರ್ ಕೋಣೆಗೆ ಬಂದು, “ನೆಲದ ಮೇಲೆ ಒಂದು ವೈರೂ ಕಾಣಬಾರದು ರಾಜೇಂದ್ರ,” ಎಂದು ಹೇಳಿ ಹೋದರು. ಅವನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಅವನು ಬೆಳೆದ ಮನೆಯಲ್ಲಿ ನೂಲನ್ನು ನೆಲಕ್ಕೆ ತಾಕಿಸಿದವರಿಗೆ ಏಟು ಬೀಳುತ್ತಿತ್ತು. ನೆಲದ ತಂಪು ಹೀರಿದರೆ ನೂಲು ಹೋಯಿತು. ಬಣ್ಣ ಹಾಕಿದ ಲಡಿಯನ್ನು ಮೇಲೆ ಸರಳಿಗೆ ತೂಗುಹಾಕಿ, ಗಾಳಿ ಆಡುವಲ್ಲೇ ಇಡಬೇಕು. ರಾಜೇಂದ್ರ ಡಬ್ಬಿಯಿಂದ ಕೇಬಲ್ಲನ್ನು ಹೊರಗೆಳೆದ. ಸುಮಾರು ಇಪ್ಪತ್ತು ಮೊಳವಿತ್ತು. ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ ಸುತ್ತಿ ಲಡಿ ಮಾಡಿದ, ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿದ, ಏಣಿ ಹಾಕಿ ಚಾವಣಿಯ ಕಬ್ಬಿಣದ ಸರಳಿಗೆ ತೂಗುಹಾಕಿದ. ಕೋಣೆಯಲ್ಲಿ ಗಾಳಿ ಆಡುವ ಜಾಗ ಒಂದೇ. ಏಸಿಯ ಬಾಯಿ. ಅದರ ನೇರಕ್ಕೆ ಹಾಕಿದ.

ಮರುದಿನ ಮುರಳಿಯವರು ತಲೆಯೆತ್ತಿ ಅದನ್ನು ನೋಡಿ “ಗುಡ್” ಎಂದರು. ರಾಜೇಂದ್ರ ಆ ದಿನವೆಲ್ಲ ಒಳಗೊಳಗೇ ಬೀಗಿದ. ಬೀಗಲಿ ಪಾಪ, ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಗುಡ್ಡು ಅದು.

ಅಲ್ಲಿಂದಾಚೆಗೆ ರಮ್ಯಳ ಅಳತೆಗೆ ಹುಚ್ಚು ಹಿಡಿಯಿತು. ಒಂದು ದಿನ ಗುಂಪು ಉದ್ದ, ಒಂದು ದಿನ ಗಿಡ್ಡ. ಒಂದು ದಿನ ಉಬ್ಬು ಪರದೆಯ ಎಡಕ್ಕೆ, ಮಧ್ಯಾಹ್ನಕ್ಕೆ ಬಲಕ್ಕೆ, ಮರುದಿನ ಎಲ್ಲೂ ಇಲ್ಲ, ಬರೀ ನೇರ ಗೆರೆ. ಅವಳು ಕನ್ನಡಿಗಳನ್ನು ಒಂದೊಂದಾಗಿ ಮತ್ತೆ ಕೂರಿಸಿದಳು. ಹರಳು ಬದಲಿಸಿದಳು. ಕೇಬಲ್ಲಿನ ಎರಡೂ ತುದಿಯನ್ನು ಬಿಚ್ಚಿ ಒರೆಸಿ ಸಿಕ್ಕಿಸಿದಳು. ನಡುವೆ ಮೇಲೆ ತೂಗುತ್ತಿದ್ದ ಲಡಿ ಎಲ್ಲರ ಕಣ್ಣಿಗೆ ಬೀಳುವಂತೆಯೇ ಇತ್ತು. ಅಚ್ಚುಕಟ್ಟಾಗಿ ಇದ್ದದ್ದರಿಂದ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಮುರಳಿಯವರು ಕೆಟ್ಟವರಲ್ಲ. ಆದರೆ ಗೊತ್ತಿಲ್ಲ ಎಂಬ ಮಾತು ಅವರ ನಾಲಿಗೆಗೆ ಬರುತ್ತಿರಲಿಲ್ಲ. ಯಂತ್ರವನ್ನು ಎರಡು ಸಲ ಪರೀಕ್ಷೆ ಮಾಡಿಸಿದರು. ಲೇಸರ್ ಕಂಪನಿಯವನನ್ನು ಕರೆಸಿ ನೋಡಿಸಿದರು. ಆಮೇಲೆ ಒಂದು ದಿನ, ರಾಜೇಂದ್ರ ಅಲ್ಲೇ ಸ್ಕ್ರೂ ಬಿಗಿಮಾಡುತ್ತಿರುವಾಗಲೇ, ರಮ್ಯಳಿಗೆ ಹೇಳಿದರು: “ಮಿಷನ್ ಸರಿ ಇದೆ. ಲೇಸರ್ ಸರಿ ಇದೆ. ಇನ್ನು ಉಳಿದಿರೋದು ನೀನು.”

ಅವಳು ಕತ್ತು ಬಗ್ಗಿಸಿ ನಿಂತಿದ್ದಳು. ರಾಜೇಂದ್ರನಿಗೆ ಅಯ್ಯೋ ಅನ್ನಿಸಿತು, ಆದರೆ ಏನು ಹೇಳುವುದು? ಅವಳು ತಪ್ಪು ಮಾಡುತ್ತಿದ್ದಾಳೋ ಇಲ್ಲವೋ ಅವನಿಗೇನು ಗೊತ್ತು? ಓದಿದವರ ಮಾತು ಅದು.

ಕಾರ್ತೀಕದಲ್ಲಿ ಏಸಿ ಕೆಟ್ಟು ಎರಡು ದಿನ ನಿಂತಿತು. ಆ ಎರಡೂ ದಿನ ರಮ್ಯಳ ಪರದೆಯ ಮೇಲೆ ಉಬ್ಬು ಮೂಡಿತು, ನಿಂತಲ್ಲೇ ನಿಂತಿತು. ಅವಳಿಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು.

“ಇದು ಉಲ್ಟಾ ರಾಜೇಂದ್ರಣ್ಣ. ಏಸಿ ಇಲ್ದಾಗ ಲೇಸರ್ ಕೆಡಬೇಕು. ಈಗ ನೋಡಿದ್ರೆ ಸರಿಹೋಗಿದೆ. ನನಗೆ ತಲೆನೇ ಓಡ್ತಿಲ್ಲ.”

ಮೂರನೇ ದಿನ ಏಸಿ ಸರಿಯಾಯಿತು, ಉಬ್ಬು ಮಾಯವಾಯಿತು.

ಆ ವಾರದ ಗುರುವಾರ ಸಂಜೆ ಏಸಿಯ ಜಾಲರಿ ತೊಳೆಯಲು ರಾಜೇಂದ್ರ ಏಣಿ ಹತ್ತಿದ. ಹತ್ತಿ ಬ್ಯಾಲೆನ್ಸಿಗೆಂದು ಲಡಿಯ ಮೇಲೆ ಕೈಯಿಟ್ಟ. ಮಡಕೆಯ ನೀರು ಮುಟ್ಟಿದಂತೆ ತಣ್ಣಗಿತ್ತು. ಕೈ ಅಲ್ಲೇ ಇಟ್ಟುಕೊಂಡು ನಿಂತ. ಸ್ವಲ್ಪ ಹೊತ್ತಿಗೆ ಏಸಿ ತಾನಾಗಿ ನಿಂತಿತು, ಕೈಯಡಿಯ ತಂಪು ನಿಧಾನವಾಗಿ ಕಡಿಮೆಯಾಯಿತು. ಮತ್ತೆ ಶುರುವಾಯಿತು, ಮತ್ತೆ ತಣ್ಣಗೆ. ಕೆಳಗೆ ಕೋಣೆಯ ಥರ್ಮಾಮೀಟರು ಮಾತ್ರ ಇಪ್ಪತ್ತೆರಡು ತೋರಿಸುತ್ತ ಅಲ್ಲಾಡದೆ ಕೂತಿತ್ತು.

ಮಾಘದ ಚಳಿಯಲ್ಲಿ ಅವನ ಅಪ್ಪ ಬೆಳಿಗ್ಗೆ ಬೆಳಿಗ್ಗೆಯೇ ಮಗ್ಗ ಹಾಕುತ್ತಿರಲಿಲ್ಲ. ರೇಷ್ಮೆಗೆ ಬಿಸಿಲು ತಾಕಲಿ, ಈಗ ಅದರ ಬಿಗಿ ಬೇರೆ, ಹತ್ತು ಗಂಟೆಯ ಬಿಗಿ ಬೇರೆ ಎನ್ನುತ್ತಿದ್ದರು. ರೇಷ್ಮೆ ಹಾಗೆ. ತಂತಿಯೂ ಹಾಗೆಯೋ? ತಂತಿ ಒಂದಿಷ್ಟು ಹಿಗ್ಗಿದರೆ ಕುಗ್ಗಿದರೆ ಅದರೊಳಗಿನ ತಾಳ ಬೇಗ ಬರುತ್ತದೆಯೋ, ತಡವಾಗುತ್ತದೆಯೋ? ಲಕ್ಷ ಕೋಟಿ ಚೂರಿನಲ್ಲಿ ಒಂದೆರಡು ಚೂರಿನ ಲೆಕ್ಕದವರಿಗೆ ಅಷ್ಟೂ ದೊಡ್ಡದಾಗಬಹುದೋ? ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ ಹೇಳುವವರು ಇದ್ದರು. ಅವನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದನ್ನು ಮುಚ್ಚಿಡುವುದೇನು, ಹೆದರಿದ. ಹೌದು ಎಂದರೆ ನಾಲ್ಕು ತಿಂಗಳ ನಷ್ಟ ಅವನ ತಲೆಗೆ, ಮುಂದಿನ ತಿಂಗಳು ಕಾಂಟ್ರಾಕ್ಟು. ಅಲ್ಲ ಎಂದರೆ ಮಗ್ಗದ ಮಿಸ್ತ್ರಿ ವಿಜ್ಞಾನ ಹೇಳಲು ಬಂದ ಎಂದು ನಗೆಪಾಟಲು. ಎಲ್ಲರೂ ಹೋದ ಮೇಲೆ ಲಡಿಯನ್ನು ಇಳಿಸಿ, ದಾರ ಬಿಚ್ಚಿ, ಮೊದಲಿದ್ದಂತೆ ರಟ್ಟಿನ ಡಬ್ಬಿಗೆ ತುಂಬಿ ಮೇಜಿನ ಕೆಳಗೆ ತಳ್ಳಿದ. ಸರಿಹೋದರೆ ಸರಿಹೋಯಿತು. ಆ ಹುಡುಗಿ ನಾಳೆ ಬೆಳಿಗ್ಗೆ ಬಂದು ಅಳೆದು ಖುಷಿಪಡಲಿ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದುಕೊಂಡು ವ್ಯಾನು ಹತ್ತಿದ.

ಶುಕ್ರವಾರ ಬೆಳಿಗ್ಗೆ ಲೇಸರಿನ ಮುಂದೆ ಕೂತಿದ್ದದ್ದು ರಮ್ಯ ಅಲ್ಲ, ವಿಜಯ್.

ವಿಜಯ್ ನೆಲಮಂಗಲದವನು, ಅವಳಿಗಿಂತ ಒಂದು ವರ್ಷ ಚಿಕ್ಕವನು. ಒಂದು ದಿನ ಬೇರೆಯವರ ಕೈಗೆ ಕೊಟ್ಟು ನೋಡೋಣ ಎಂದು ಮುರಳಿಯವರು ಹಿಂದಿನ ಮಧ್ಯಾಹ್ನವೇ ತೀರ್ಮಾನಿಸಿದ್ದರು. ರಾಜೇಂದ್ರನಿಗೆ ಅದನ್ನು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯ ಯಾರಿಗಿತ್ತು? ವಿಜಯ್ ಕನ್ನಡಿ ಸರಿಸಿದ. ಮೊದಲ ಸಲಕ್ಕೇ ಉಬ್ಬು ಬಂತು. ಹತ್ತು ಸಲ ಅಳೆದ. ಹತ್ತು ಸಲವೂ ಅದೇ ಜಾಗ, ಅದೇ ಅಗಲ. “ನಾನೇನೂ ಮಾಡ್ಲಿಲ್ಲ ಸರ್, ಎಲ್ಲ ಅವ್ರು ಇಟ್ಟಂಗೇ ಇದೆ,” ಎಂದ ಆ ಹುಡುಗ, ಸಂಕೋಚದಿಂದ. ಮುರಳಿಯವರು ಅದನ್ನು ಅವನ ವಿನಯ ಎಂದುಕೊಂಡರು.

ರಮ್ಯಳನ್ನು ಕರೆಸಿದರು. ಪರದೆ ತೋರಿಸಿದರು. ಲಾಗ್ ಪುಸ್ತಕದಲ್ಲಿ ಅವಳೆದುರಿಗೇ ಬರೆದರು: ಇದುವರೆಗಿನ ನಾಲ್ಕು ತಿಂಗಳ ಅಳತೆಗಳು ಅಳೆದವರ ತಪ್ಪಿನಿಂದ ಅಮಾನ್ಯ. ಸೋಮವಾರದಿಂದ ಲೇಸರ್ ವಿಜಯ್‌ಗೆ. ರಮ್ಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರಿನ ಲೆಕ್ಕ ಮಾಡಲಿ. ಅವಳು “ಸರಿ ಸರ್” ಎಂದಳು.

ಮೂಲೆಯಲ್ಲಿ ನಿಂತಿದ್ದ ರಾಜೇಂದ್ರ ಮೇಜಿನ ಕೆಳಗಿನ ರಟ್ಟಿನ ಡಬ್ಬಿಯತ್ತ ನೋಡಿದ. ಅವಳಿಗೆಂದು ಮಾಡಿದ್ದು ಅವಳ ಮೇಲೇ ಸಾಕ್ಷಿಯಾಗಿತ್ತು. ಇದನ್ನು ಹೇಗೆ ಬಿಚ್ಚುವುದು, ಎಲ್ಲಿಂದ ಬಿಚ್ಚುವುದು?

ನೀರಿನ ಫಿಲ್ಟರಿನ ಹತ್ತಿರ ರಮ್ಯ ಸಿಕ್ಕಳು. ಲೋಟ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಿರಲಿಲ್ಲ. ಅವನೇ ನಿಲ್ಲಿಸಿದ.

“ನನ್ನ ಕೈಯೇ ಸರಿ ಇಲ್ಲ ಅನ್ಸುತ್ತೆ ರಾಜೇಂದ್ರಣ್ಣ,” ಎಂದಳು. “ಅವನು ಮುಟ್ಟಿದ್ ತಕ್ಷಣ ಬಂತಲ್ಲ. ನಾನು ನಾಲ್ಕು ತಿಂಗಳು ಏನ್ ಮಾಡ್ತಿದ್ದೆ ಅಂತಾನೇ ಗೊತ್ತಾಗ್ತಿಲ್ಲ.”

ಅವನು ಹೇಳಬೇಕಾಗಿದ್ದದ್ದು ಆಗಲೇ. ಹೇಳಲಿಲ್ಲ. “ಊಟ ಮಾಡಿ ಹೋಗಮ್ಮ,” ಎಂದ. ಎಂಥ ದಡ್ಡ ಮಾತು.

ಮನೆಗೆ ಬಂದಾಗ ಹೆಂಡತಿ ಬನಶಂಕರಿ ಜಗಲಿಯಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಅಂಗಡಿಯವರು ಕೊಟ್ಟ ಮೂರು ಸೀರೆ ಬೆಳಿಗ್ಗೆಗೆ ಮುಗಿಯಬೇಕಿತ್ತು. ರಾಜೇಂದ್ರ ಅವಳ ಎದುರಿಗೆ ಕೂತು ಎಲ್ಲ ಹೇಳಿದ. ಅವಳು ಕುಚ್ಚು ನಿಲ್ಲಿಸದೆ ಕೇಳಿಸಿಕೊಂಡಳು.

“ಅಲ್ಲಾ ರೀ, ಅಷ್ಟು ಓದಿದೋರಿಗೇ ಗೊತ್ತಾಗಿಲ್ಲ. ನೀವು ತೂಗಾಕಿದ್ದೇ ಕಾರಣ ಅಂತ ನಿಮಗೆಂಗೆ ಗೊತ್ತು?”

“ಗೊತ್ತಿಲ್ಲ ಕಣೆ.”

“ಮತ್ತೆ? ಗೊತ್ತಿಲ್ದೆ ಹೋಗಿ ನಂದೇ ತಪ್ಪು ಅಂತ ಒಪ್ಕೊಂಡು ಕೆಲಸ ಕಳ್ಕೊಂಡು ಬರ್ತೀರಾ?”

ರಾಜೇಂದ್ರ ಅವಳ ಬೆರಳುಗಳನ್ನು ನೋಡುತ್ತ ಕೂತ. “ಆ ಹುಡುಗಿನೂ ಗೊತ್ತಿಲ್ದೇನೇ ಒಪ್ಕೊಂಡ್ಳಲ್ಲೇ,” ಎಂದ.

ಬನಶಂಕರಿ ದಾರ ಹಲ್ಲಿನಲ್ಲಿ ಕಡಿದಳು. ಮುಂದಿನ ಸೀರೆಯ ಸೆರಗು ಎಳೆದುಕೊಂಡಳು. ಬೆಳಿಗ್ಗೆ ಎಂದಿಗಿಂತ ಬೇಗ ಎದ್ದು ಬುತ್ತಿ ಕಟ್ಟಿಟ್ಟಿದ್ದಳು, ಅದು ಹೋಗಿ ಬನ್ನಿ ಎಂದೋ ಬೇಡ ಎಂದೋ ಅವನಿಗೆ ತಿಳಿಯಲಿಲ್ಲ.

ಶನಿವಾರ ಅರ್ಧ ದಿನ. ವಿಜಯ್ ಊರಿಗೆ ಹೋಗಿದ್ದ. ಬೇರೊಂದು ತಂಡದವರಿಗಾಗಿ ಯಂತ್ರ ಓಡುತ್ತಿತ್ತು. ರಮ್ಯ ಲೇಸರ್ ಕೋಣೆಯಲ್ಲಿ ತನ್ನ ಡ್ರಾಯರು ಖಾಲಿ ಮಾಡುತ್ತಿದ್ದಳು. ರಾಜೇಂದ್ರ ರಕ್ಷಣೆಯ ಕನ್ನಡಕ ಹಾಕಿಕೊಂಡು ಒಳಗೆ ಬಂದು, ನಿಂತುಕೊಂಡೇ, ಒಂದೇ ಉಸಿರಿಗೆ ಹೇಳಿದ. ಆಷಾಢದಲ್ಲಿ ತೂಗುಹಾಕಿದ್ದು, ಗುರುವಾರ ಇಳಿಸಿದ್ದು, ಕೈಗೆ ತಣ್ಣಗಾದದ್ದು.

ಅವಳು ಮೊದಲು ಡಬ್ಬಿ ನೋಡಿದಳು. ಆಮೇಲೆ ಮೇಲಿನ ಸರಳು. ಆಮೇಲೆ ಏಸಿಯ ಬಾಯಿ.

“ಗುರುವಾರಾನೇ ಯಾಕೆ ಹೇಳ್ಲಿಲ್ಲ?”

“ಬೈತಾರೆ ಅಂತ.”

“ಬೈಸ್ಕೊಂಡಿದ್ದು ನಾನಲ್ವಾ ರಾಜೇಂದ್ರಣ್ಣ.”

ದನಿ ಏರಿಸದೆ ಹೇಳಿದಳು. ರಾಜೇಂದ್ರನ ಜೀವಮಾನದಲ್ಲಿ ಅವನಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ, ಅಪ್ಪನದು, ಅಣ್ಣನದು, ಸೀರೆ ಮಾಲೀಕರದು. ಇಷ್ಟು ನೋವು ಯಾವುದೂ ಕೊಟ್ಟಿರಲಿಲ್ಲ. ಅವನು ಕನ್ನಡಕದೊಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡ.

“ಮತ್ತೆ ಕಟ್ಟಿ,” ಎಂದಳು ರಮ್ಯ.

“ಏನು?”

“ಹೆಂಗೆ ಕಟ್ಟಿದ್ರೋ ಹಂಗೇ ಕಟ್ಟಿ. ಅಲ್ಲೇ.”

ಅವನಿಗೆ ಇದೂ ಅರ್ಥವಾಗಲಿಲ್ಲ. ಮೂವತ್ತು ವರ್ಷ ರಿಪೇರಿ ಮಾಡಿದವನನ್ನು, ಸರಿಹೋದದ್ದನ್ನು ಮತ್ತೆ ಕೆಡಿಸು ಎಂದು ಯಾರೂ ಕೇಳಿರಲಿಲ್ಲ. ಆದರೂ ಕೇಬಲ್ಲನ್ನು ಮೊಣಕೈಗೆ ಸುತ್ತಿ, ಏಣಿ ಹತ್ತಿ, ತೂಗುಹಾಕಿದ. ಕೆಳಗೆ ರಮ್ಯ ಪರದೆ ಹಚ್ಚಿದಳು. ಉಬ್ಬು ನಡುವಿನಲ್ಲಿತ್ತು. ಐದು ನಿಮಿಷಕ್ಕೆ ಎಡಕ್ಕೆ ಸರಿಯಿತು. ಹತ್ತು ನಿಮಿಷಕ್ಕೆ ಅಂಚಿಗೆ ಹೋಯಿತು. ಹದಿನೈದಕ್ಕೆ ಇಲ್ಲ. ರಮ್ಯಳ ಪೆನ್ನು ಹಿಡಿದ ಕೈ ಓಡುತ್ತಿತ್ತು.

ಅಷ್ಟರಲ್ಲಿ ಬಾಗಿಲು ತೆರೆದುಕೊಂಡು ಮುರಳಿಯವರು ಬಂದರು. ಖಾಲಿ ಗೆರೆ ಕಂಡರು.

“ಏನ್ ಮಾಡ್ದೆ ಮತ್ತೆ? ನಿನ್ನೆ ಸರಿ ಇತ್ತಲ್ಲ.”

“ಅವರಲ್ಲ ಸಾರ್,” ಎಂದು ದನಿ ಮೇಲಿಂದ ಬಂತು. “ನಾನು.”

ಮುರಳಿಯವರು ತಲೆಯೆತ್ತಿದರು. ಏಣಿಯ ತುದಿಯಲ್ಲಿ ಕೂತೇ ರಾಜೇಂದ್ರ ಎರಡನೇ ಸಲ ಎಲ್ಲ ಒಪ್ಪಿಸಿದ. ಈ ಸಲ ನಡುನಡುವೆ ತಡವರಿಸಿದ, ರೇಷ್ಮೆ, ಬಿಸಿಲು, ಅಪ್ಪ ಎಂದೆಲ್ಲ ಹೇಳಿ ತಾನೇ ಗೋಜಲು ಮಾಡಿಕೊಂಡ. ಮುರಳಿಯವರ ಮುಖದಲ್ಲಿ ಸಿಟ್ಟು ಬರಲಿಲ್ಲ, ಕನಿಕರ ಬಂತು.

“ನೀವು ಒಳ್ಳೇ ಮನುಷ್ಯ ರಾಜೇಂದ್ರ. ಆದ್ರೆ ಇವಳ ತಪ್ಪನ್ನ ನೀವು ಹೊತ್ಕೊಳ್ಳೋದು ಬೇಡ. ಕೇಬಲ್ ತೂಗುಹಾಕಿದ್ರೆ ಇಷ್ಟೆಲ್ಲ ಆಗಲ್ಲ. ಇಳೀರಿ.”

ಎರಡು ದಿನದಿಂದ ಹೆದರಿ ಹೆದರಿ ಸವೆದಿದ್ದ ರಾಜೇಂದ್ರನಿಗೆ ಆಗ ನಿಜಕ್ಕೂ ಕೋಪ ಬಂತು. ಕೆಲಸ ಪಣಕ್ಕಿಟ್ಟು ತಪ್ಪು ಒಪ್ಪಿಕೊಂಡರೆ ಅದನ್ನೂ ನಂಬದವರ ಹತ್ತಿರ ಏನು ಮಾತು? ಅವನು ಲಡಿಯನ್ನು ಸರಳಿನಿಂದ ಬಿಚ್ಚಿದ. ಅಂಗಿಯ ಎರಡು ಗುಂಡಿ ತೆಗೆದು ಅದನ್ನು ಬನಿಯನ್ನಿನ ಮೇಲೆ ಎದೆಗೆ ಒತ್ತಿ, ಎರಡೂ ಕೈಯಲ್ಲಿ ಬಿಗಿಯಾಗಿ ತಬ್ಬಿಕೊಂಡ. ತಣ್ಣಗೆ ಪಕ್ಕೆಗೆ ಚುಚ್ಚಿತು. “ಪರದೆ ನೋಡಿ ಸಾರ್,” ಎಂದ.

ಗೆರೆ ನೇರವಾಗಿತ್ತು. ಆಮೇಲೆ ಎಡ ಅಂಚಿನಲ್ಲಿ ಏನೋ ಎದ್ದಿತು. ಎದ್ದದ್ದು ಒಳಗೆ ಬಂತು, ಉಬ್ಬಾಯಿತು, ನಿಧಾನಕ್ಕೆ ನಡುವಿಗೆ ಬಂತು. ಅಲ್ಲೂ ನಿಲ್ಲಲಿಲ್ಲ. ರಾಜೇಂದ್ರನ ಮೈ ಕೋಣೆಗಿಂತ ಬಿಸಿ ತಾನೆ, ಉಬ್ಬು ನಡು ದಾಟಿ ಬಲಕ್ಕೆ ಹೊರಟಿತು. ಅದು ನಡು ದಾಟಿದ್ದನ್ನು ಕಂಡ ಕೂಡಲೇ ಮುರಳಿಯವರು ಸ್ಟೂಲು ಎಳೆದುಕೊಂಡು ಕೂತುಬಿಟ್ಟರು. ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆಯೇ ಏನೋ ಲೆಕ್ಕ ಹಾಕಿದರು. ಹೊಡೆದುಹಾಕಿದರು. ಮತ್ತೆ ಹಾಕಿದರು.

“ಏಸಿ ಆನ್ ಆಗಿದ್ದು, ಆಫ್ ಆಗಿದ್ದು ಎಲ್ಲ ದಾಖಲೆ ಇದೆ ಸರ್,” ಎಂದಳು ರಮ್ಯ. “ಹಳೇ ಅಳತೆಗಳನ್ನ ಅದ್ರ ಜೊತೆ ಇಟ್ಟು ನೋಡಿದ್ರೆ ಅಮಾನ್ಯ ಆಗ್ಬೇಕಾಗಿಲ್ಲ.” ಅವರು ತಲೆಯಾಡಿಸಿದರು, ಅವಳ ಮುಖ ನೋಡಲಿಲ್ಲ.

“ನಾಲ್ಕು ತಿಂಗಳು ಯಾಕೆ ಹೇಳ್ಲಿಲ್ಲ ರಾಜೇಂದ್ರ?”

“ನನಗೆ ಅರ್ಥ ಆಗಿರ್ಲಿಲ್ಲ ಸಾರ್. ಈಗ್ಲೂ ಪೂರ್ತಿ ಆಗಿಲ್ಲ. ಅರ್ಥ ಆಗ್ದೆ ಇರೋದನ್ನ ಹೆಂಗ್ ಹೇಳೋದು ಅಂತ ಸುಮ್ನಿದ್ದೆ.”

ಮುರಳಿಯವರು ಅಂಗೈಯ ಲೆಕ್ಕವನ್ನೇ ನೋಡುತ್ತಿದ್ದರು. ಮಾತಾಡಿದಾಗ ಅವರು ತಿರುಗಿದ್ದು ರಾಜೇಂದ್ರನ ಕಡೆಗಲ್ಲ.

“ನನಗೂ ಅರ್ಥ ಆಗಿರ್ಲಿಲ್ಲ ರಮ್ಯ,” ಎಂದರು. “ನಾನು ಹೇಳ್ಬಿಟ್ಟೆ.”

ಅವರು ಎದ್ದು ಸ್ಟೂಲನ್ನು ಅವಳತ್ತ ಸರಿಸಿದರು. ಅವಳು ಕೂತು, ಕನ್ನಡಿ ಸರಿಸುವ ಗುಂಡಿಯ ಮೇಲೆ ಕೈಯಿಟ್ಟು, ಪರದೆಯಿಂದ ಕಣ್ಣು ತೆಗೆಯದೆ, “ಇಳೀಬೇಡಿ ರಾಜೇಂದ್ರಣ್ಣ, ಹಂಗೇ ಹಿಡ್ಕೊಂಡಿರಿ, ಇನ್ನೊಂದ್ಸಲ ಅಳೀತೀನಿ,” ಎಂದಳು. ಸೋಮವಾರ ತನಗೆ ಕೆಲಸವಿರುತ್ತದೋ ಇಲ್ಲವೋ ಎಂದು ಕೇಳಬೇಕೆನ್ನಿಸಿದರೂ ರಾಜೇಂದ್ರ ಕೇಳಲಿಲ್ಲ, ಅವಳ ಅಳತೆ ಅಲ್ಲಾಡಬಾರದೆಂದು ಉಸಿರು ಬಿಗಿಹಿಡಿದು ಏಣಿಯ ಮೇಲೆ ಕೂತಿದ್ದ.